ಬ್ರಿಟಿಷ್ ಕಾಲದ ಬೀಡು ಕಬ್ಬಿಣ ಅಂತ ದುಡ್ಡು ಸುರಿಯೋ ಮುಂಚೆ ಇದನ್ನ ಓದಿ

ಸಿಂಹದ ಬಾಯಿಂದ ನೀರು ಬೀಳುವ ಹಳೇ ಬೀದಿ ನಲ್ಲಿ ಗೊತ್ತಲ್ವಾ? ಅಂಥದ್ದೊಂದನ್ನ 38 ಸಾವಿರ ಕೊಟ್ಟು ತಂದೆ. ಮಾರಿದವನು ವಾಟ್ಸಾಪ್‌ನಲ್ಲಿ ಬರೆದಿದ್ದು ಇದು: "1870ರದ್ದು ಸಾರ್, ಗ್ಲಾಸ್ಗೋದ್ದು. ನಮ್ಮ ಬೆಂಗಳೂರು ಕಂಟೋನ್ಮೆಂಟ್ ಬೀದೀಲೇ ಇತ್ತು. ಇರೋದು ಇದೊಂದೇ." ಸಿಂಹದ ಕೇಸರದ, ಅಂದ್ರೆ ಕುತ್ತಿಗೆ ಕೂದಲಿನ, ಎಡಗಡೆ ಸಣ್ಣ ಚಕ್ಕೆ ಹಾರಿತ್ತು. ಒರಿಜಿನಲ್ ಅನ್ನೋದಕ್ಕೆ ಅದೇ ಸಾಕ್ಷಿ ಅಂದ.

ಮೊನ್ನೆ ಅವನೇ ಇನ್ನೊಂದು ನಲ್ಲಿ ಮಾರಾಟಕ್ಕೆ ಹಾಕಿದ. ಫೋಟೋ ದೊಡ್ಡದು ಮಾಡಿ ನೋಡ್ತೀನಿ, ಅದೇ ಕೇಸರ, ಅದೇ ಎಡಗಡೆ, ಅದೇ ಆಕಾರದ ಚಕ್ಕೆ. ಮೈಯೆಲ್ಲಾ ಉರಿದು ಹೋಯ್ತು. ಎರಡು ನಲ್ಲಿಗೆ ಒಂದೇ ಜಾಗದಲ್ಲಿ ಒಂದೇ ಥರ ಪೆಟ್ಟು ಬೀಳುತ್ತಾ? ಯಾವುದೋ ಹಳೇ ನಲ್ಲಿಯನ್ನ ಮರಳಲ್ಲಿ ಒತ್ತಿ ಅಚ್ಚು ತೆಗೆದು, ಎರಕ ಹೊಯ್ದು ಹೊಯ್ದು ಮಾರ್ತಿದ್ದಾರೆ. ಚಕ್ಕೆ ಸಮೇತ!

ಆಮೇಲೆ ಒಂದೊಂದೇ ಬಯಲಾಯ್ತು. ನಲ್ಲಿ ಮೇಲೆ 1870 ಅಂತ ಇದೆ, ಅದರ ಕೆಳಗೇ 'ಆರ್‌ಡಿ ನಂಬರ್' ಕೂಡ ಇದೆ. ಬ್ರಿಟನ್‌ನಲ್ಲಿ ನೋಂದಾಯಿಸಿದ ಡಿಸೈನ್‌ಗೆ ಆ ನಂಬರ್ ಶುರುವಾಗಿದ್ದೇ 1884ರಲ್ಲಿ. ಅದಕ್ಕೆ ಮುಂಚೆ ಹಾಕ್ತಿದ್ದದ್ದು ವಜ್ರಾಕಾರದ ಮುದ್ರೆ. ಇನ್ನು ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂದಿದ್ದೇ 1896ರಲ್ಲಿ. 1870ರಲ್ಲಿ ಕಂಟೋನ್ಮೆಂಟ್‌ನಲ್ಲಿ ಬೀದಿ ನಲ್ಲಿ ಎಲ್ಲಿಂದ ಬಂತು? ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಅಲೆನ್ ಬೋಲ್ಟ್, ಅಂದ್ರೆ ತಲೆಯಲ್ಲಿ ಆರು ಮೂಲೆಯ ಕುಳಿ ಇರೋ ಈಚಿನ ಕಾಲದ ಬೋಲ್ಟ್!

ಫೋನ್ ಮಾಡಿ ಕೇಳಿದೆ. ಮೊದಲು "ಬೋಲ್ಟ್ ರಿಪೇರಿ ಟೈಮಲ್ಲಿ ಹಾಕಿರ್ತಾರೆ ಸಾರ್" ಅಂದ. ಚಕ್ಕೆ ವಿಷಯ ಎತ್ತಿದೆ. "ಒಂದೇ ಲಾಟ್ ಸಾರ್, ಲಾರೀಲಿ ಒಂದಕ್ಕೊಂದು ತಾಗಿರುತ್ತೆ." ಇರೋದು ಒಂದೇ ಅಂದಿದ್ಯಲ್ಲಪ್ಪಾ ಅಂದ್ರೆ, "ನಾನು ಬ್ರಿಟಿಷ್ ಸ್ಟೈಲ್ ಅಂದಿದ್ದು. ನೀವೇ ನೋಡಿ ತಗೊಂಡ್ರಿ" ಅಂದ. ಬ್ರಿಟಿಷ್ ಸ್ಟೈಲಂತೆ! ಅವನ ಮೆಸೇಜನ್ನೇ ಅವನಿಗೆ ವಾಪಸ್ ಕಳಿಸಿದೆ. ನಂಬರ್ ಬ್ಲಾಕ್ ಮಾಡಿದ.

ಅಕ್ಷರಗಳನ್ನ ಬೆರಳಲ್ಲಿ ಸವರಿ ನೋಡಿ. ನಕಲಿನ ಮೇಲೆ ನಕಲು ತೆಗೆದಾಗ ಅಂಚು ಮೊಂಡಾಗುತ್ತೆ. ಬೀಡು ತಣ್ಣಗಾಗುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತೆ, ಹಾಗಾಗಿ ನಕಲು ಅಸಲಿಗಿಂತ ಸ್ವಲ್ಪ ಚಿಕ್ಕದು. ಬೋಲ್ಟ್ ಬಿಚ್ಚಿ ತೋರಿಸು ಅನ್ನಿ. ತೋರಿಸಲ್ಲ ಅಂದ್ರೆ ಎದ್ದು ಬನ್ನಿ. ಯಾವ ಊರಿನ ಎರಕ, ಯಾವ ವರ್ಷದ್ದು ಅನ್ನೋದನ್ನ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನನ್ನ ಬಿಲ್ಲಲ್ಲಿ ಇರೋದು ಬರೀ 'ಕಬ್ಬಿಣದ ಶೋಪೀಸ್'.