ಒಂಟಿ ಪದರದ ಮಾಲಿಬ್ಡಿನಮ್ ಡೈಸಲ್ಫೈಡ್ ಸ್ಯಾಂಪಲ್: ಸೀಬೆಕ್ ಅಳೆಯುವವರು ಯಾವುದನ್ನು ಕೊಳ್ಳಬೇಕು?

ಸಿವಿಡಿಯಲ್ಲಿ, ಅಂದರೆ ಬಿಸಿ ಕುಲುಮೆಯಲ್ಲಿ ಆವಿಯಿಂದ, ಬೆಳೆಸಿದ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಅರೆವಾಹಕದ ಹಾಳೆ ತರಿಸಿ ಆರು ತಿಂಗಳಾಯಿತು. ಎರಡು ಬಗೆ ತರಿಸಿದ್ದೆವು. ಒಂದು, ಇಡೀ ತುಂಡನ್ನು ಮುಚ್ಚಿರುವ ಫಿಲ್ಮ್. ಇನ್ನೊಂದು, ಬಿಡಿಬಿಡಿಯಾಗಿ ಬೆಳೆದ ತ್ರಿಕೋನಗಳು. ಎರಡೂ ಸಿಲಿಕಾನ್ ಮೇಲೆ 300 ನ್ಯಾನೋಮೀಟರ್ ಆಕ್ಸೈಡ್ ಇರುವ ಪುಟ್ಟ ತುಂಡುಗಳು. ಸೀಬೆಕ್, ಅಂದರೆ ಒಂದು ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಹುಟ್ಟುವ ವೋಲ್ಟೇಜ್, ಅಳೆಯುವುದೇ ನಿಮ್ಮ ಕೆಲಸವಾದರೆ ತ್ರಿಕೋನಗಳನ್ನೇ ತೆಗೆದುಕೊಳ್ಳಿ. ಫಿಲ್ಮ್ ಬೇಡ.

ಫಿಲ್ಮ್ ಕೆಟ್ಟದ್ದು ಅಂತಲ್ಲ. ರಾಮನ್‌ನಲ್ಲಿ (ಚದುರಿದ ಲೇಸರ್ ಬೆಳಕಿನಿಂದ ಪದರ ಎಷ್ಟೆಂದು ತಿಳಿಯುವ ಪರೀಕ್ಷೆ) ಎರಡು ಪೀಕ್‌ಗಳ ನಡುವೆ ಸುಮಾರು 20 ವೇವ್‌ನಂಬರ್ ಅಂತರ ಬಂತು, ದಪ್ಪ ಹರಳಿನಲ್ಲಾದರೆ ಅದು 25ರ ಹತ್ತಿರ ಇರುತ್ತದೆ. ಮೇಲೆ ಲೇಸರ್ ಬೆಳಕು ಹಾಯಿಸಿದರೆ 1.85 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಚೆನ್ನಾಗಿ ಹೊಳೆಯುತ್ತದೆ. ಅಂದರೆ ನಿಜಕ್ಕೂ ಒಂದೇ ಪದರ, 0.65 ನ್ಯಾನೋಮೀಟರ್. ಬೆಳಕಿನ ಪ್ರಯೋಗ ಮಾಡುವವರಿಗೆ ಇಷ್ಟು ಸಾಕು. ಆದರೆ ಈ ಫಿಲ್ಮ್ ಅಂದರೆ ಸಾವಿರಾರು ಸಣ್ಣ ತ್ರಿಕೋನಗಳು ಬೆಳೆಯುತ್ತಾ ಬಂದು ಒಂದಕ್ಕೊಂದು ಅಂಟಿಕೊಂಡದ್ದು, ಆ ಹೊಲಿಗೆ ಬಂದಲ್ಲೆಲ್ಲ ಎಲೆಕ್ಟ್ರಾನ್ ಎಡವುತ್ತದೆ, ವಾಹಕತೆ ಇಳಿಯುತ್ತದೆ. ನಮಗೆ ಬೇಕಾದ ಪವರ್ ಫ್ಯಾಕ್ಟರ್ ಸೀಬೆಕ್‌ನ ವರ್ಗವನ್ನು ವಾಹಕತೆಯಿಂದ ಗುಣಿಸಿದ್ದು. ಸೀಬೆಕ್ ಎಷ್ಟೇ ಚೆನ್ನಾಗಿದ್ದರೂ ವಾಹಕತೆ ಬಿದ್ದರೆ ಏನು ಪ್ರಯೋಜನ?

ಇಷ್ಟೊಂದು ಕಷ್ಟಪಟ್ಟು ಇಂಥ ತೆಳು ಹಾಳೆಯನ್ನೇ ಯಾಕೆ ಹಿಡಿಯಬೇಕು ಅಂತ ಕೇಳುವವರಿಗೆ ಒಂದು ಮಾತು. ಒಂದು ತುದಿ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಸೀಬೆಕ್ ಎಂಬ ವಿಜ್ಞಾನಿ ಇದನ್ನು 1821ರಲ್ಲೇ ಕಂಡಿದ್ದ. ಮಾಮೂಲಿ ಲೋಹದಲ್ಲಿ ಡಿಗ್ರಿಗೆ ಕೆಲವೇ ಮೈಕ್ರೋವೋಲ್ಟ್. ಇಲ್ಲಿ ನೂರಾರು. ಪದರ ತೆಳುವಾದಷ್ಟೂ ಪವರ್ ಫ್ಯಾಕ್ಟರ್ ಏರಬಹುದು ಅಂತ ಭೌತವಿಜ್ಞಾನಿಗಳಾದ ಹಿಕ್ಸ್ ಮತ್ತು ಡ್ರೆಸೆಲ್‌ಹೌಸ್ 1993ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೇಟ್, ಅಂದರೆ ವೋಲ್ಟೇಜ್ ಕೊಟ್ಟು ಹಾಳೆಯ ಎಲೆಕ್ಟ್ರಾನ್‌ಗಳನ್ನು ಹಿಡಿತದಲ್ಲಿಡುವ ಭಾಗ. ದಪ್ಪ ಹರಳಾದರೆ ಎಲೆಕ್ಟ್ರಾನ್ ಜಾಸ್ತಿ ಕಮ್ಮಿ ಮಾಡಲು ಪ್ರತಿ ಸಲ ಹೊಸ ಸ್ಯಾಂಪಲ್ ಬೇಯಿಸಬೇಕು. ಇಲ್ಲಿ ಕೆಳಗಿನ ಸಿಲಿಕಾನ್‌ಗೆ ವೋಲ್ಟೇಜ್ ಕೊಟ್ಟರೆ ಸಾಕು, ಅದೇ ತ್ರಿಕೋನದಲ್ಲಿ ಸೀಬೆಕ್ ಇಳಿಯುತ್ತಾ ವಾಹಕತೆ ಏರುವುದು ಒಂದೇ ಮಧ್ಯಾಹ್ನದಲ್ಲಿ ಕಣ್ಣೆದುರು ಕಾಣುತ್ತದೆ. ಮೊದಲ ಸಲ ಆ ಗೆರೆ ಸ್ಕ್ರೀನ್ ಮೇಲೆ ಮೂಡಿದಾಗ ಊಟ ಮರೆತು ಕೂತಿದ್ದೆ.

ಈಗ ದೂರು. ಮೊದಲ ಕಂತಿನ ಡಿವೈಸ್‌ಗಳಲ್ಲಿ ಅರ್ಧದಷ್ಟು ಗೇಟ್ ಸೋರಿಕೆಯಲ್ಲೇ, ಅಂದರೆ ಆಕ್ಸೈಡ್ ಮೂಲಕ ವಿದ್ಯುತ್ ಸೋರಿ, ಹೋದವು. ಯಾಕೆಂದರೆ ಮಾರುವವರು ಹಾಳೆಯನ್ನು ಬೆಳೆಸಿದ ಆಕ್ಸೈಡ್ ಮೇಲೇ ಕೊಟ್ಟಿದ್ದರು. 700 ಡಿಗ್ರಿ ದಾಟಿದ ಶಾಖ, ಗಂಧಕದ ಆವಿ, ಅದರ ಮೇಲೆ ಬೆಳವಣಿಗೆಗೆ ಉಪ್ಪು ಬೆರೆಸಿದ್ದರೆ ಸೋಡಿಯಂ ಬೇರೆ ಆಕ್ಸೈಡ್ ಒಳಗೆ ಇಳಿಯುತ್ತದೆ. ಉಪ್ಪು ಬಳಸಿದ್ದೀರಾ ಅಂತ ಮೂರು ಸಲ ಕೇಳಿದೆವು, ಉತ್ತರ ಬರಲಿಲ್ಲ. ಕೊನೆಗೆ ಪಿಎಂಎಂಎ ಎಂಬ ಪ್ಲಾಸ್ಟಿಕ್ ಹಚ್ಚಿ, ಹಾಳೆಯನ್ನು ಎಬ್ಬಿಸಿ, ಹೊಸ ಆಕ್ಸೈಡ್ ಮೇಲೆ ನಾವೇ ಕೂರಿಸಿಕೊಂಡೆವು. ಕೆಲವು ಹರಿದವು, ಕೆಲವು ಮಡಚಿಕೊಂಡವು. ಉಳಿದವು ಚೆನ್ನಾಗಿ ಕೆಲಸ ಮಾಡಿದವು.

ಇನ್ನೊಂದು ತೊಂದರೆ ಸ್ಯಾಂಪಲ್‌ನದ್ದಲ್ಲ, ಆದರೆ ಬೈಗುಳ ಅದಕ್ಕೇ ಬೀಳುತ್ತದೆ. ಗೇಟ್ ಮುಚ್ಚುತ್ತಾ ಹೋದಂತೆ ಚಾನೆಲ್‌ನ, ಅಂದರೆ ವಿದ್ಯುತ್ ಹರಿಯುವ ಹಾಳೆಯ, ರೆಸಿಸ್ಟೆನ್ಸ್ ಮೆಗಾಓಮ್‌ಗಳನ್ನು ದಾಟಿ ಏರುತ್ತದೆ. ಆಗ ಮೀಟರ್‌ನ ಒಳ ರೆಸಿಸ್ಟೆನ್ಸ್ ಅದಕ್ಕಿಂತ ತುಂಬಾ ಜಾಸ್ತಿ ಇರದಿದ್ದರೆ ಬರುವ ಅಂಕಿ ಸುಳ್ಳು. ಹೀಟರ್‌ಗೆ ಎಸಿ ಕೊಟ್ಟು, ಅದರ ಎರಡರಷ್ಟು ಫ್ರೀಕ್ವೆನ್ಸಿಯಲ್ಲಿ ಲಾಕ್‌ಇನ್‌ನಿಂದ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಮಾತ್ರ ಆರಿಸಿ ಅಳೆಯುವ ಉಪಕರಣ) ಅಳೆಯುವವರು ಫೇಸ್ ಕಡೆ, ಅಂದರೆ ಸಿಗ್ನಲ್ ಹೀಟರ್‌ಗಿಂತ ಎಷ್ಟು ಹಿಂದೆ ಬೀಳುತ್ತದೆ ಅನ್ನುವುದರ ಕಡೆ, ಕಣ್ಣಿಡಿ. ಫೇಸ್ ಜಾರಿದ ಕಡೆಯಿಂದ ಆಚೆಗಿನ ಡೇಟಾ ಎಷ್ಟು ಚೆಂದ ಕಂಡರೂ ಬಿಟ್ಟುಬಿಡಿ.

ಪ್ಯಾಕಿಂಗ್ ಚೆನ್ನಾಗಿತ್ತು, ವ್ಯಾಕ್ಯೂಮ್ ಸೀಲ್ ಮಾಡಿ ಕಳಿಸಿದ್ದರು. ಬಿಚ್ಚಿದ ಮೇಲೆ ಸುಮ್ನೆ ಮೇಜಿನ ಮೇಲೆ ಇಡಬೇಡಿ. ತಿಂಗಳುಗಟ್ಟಲೆ ಗಾಳಿಯಲ್ಲಿ ಬಿಟ್ಟರೆ ಅಂಚಿನಿಂದ, ಹೊಲಿಗೆಯಿಂದ ಆಕ್ಸಿಡೈಸ್ ಆಗುತ್ತದೆ.

ಮಾರುವವರ ವಿವರಣೆಯಲ್ಲಿ ಇದು ಥರ್ಮೋಎಲೆಕ್ಟ್ರಿಕ್ ಜನರೇಟರ್‌ಗೆ ಹೇಳಿ ಮಾಡಿಸಿದ್ದು ಅಂತ ಬರೆದಿದೆ. ಇದನ್ನು ನಾನು ಒಪ್ಪುವುದಿಲ್ಲ. ಎರಡು ಪದರದ ಮಾಲಿಬ್ಡಿನಮ್ ಡೈಸಲ್ಫೈಡ್‌ನಲ್ಲಿ ಪವರ್ ಫ್ಯಾಕ್ಟರ್ 8.5 ಮಿಲಿವ್ಯಾಟ್‌ವರೆಗೆ, ಮೀಟರಿಗೆ, ಕೆಲ್ವಿನ್ ವರ್ಗಕ್ಕೆ, 2017ರಲ್ಲಿ ವರದಿಯಾಗಿದೆ. ಬಹಳ ದೊಡ್ಡ ಅಂಕಿ. ಆದರೆ ಶಾಖದಿಂದ ವಿದ್ಯುತ್ ತೆಗೆಯುವ ಸಾಮರ್ಥ್ಯದ ಅಳತೆಯಾದ ಝಡ್‌ಟಿಯ ಲೆಕ್ಕದಲ್ಲಿ ಭಾಗಾಕಾರದ ಕೆಳಗೆ ಶಾಖ ವಾಹಕತೆ ಕೂತಿದೆ. ಈ ಹಾಳೆಯಲ್ಲಿ ಅದು ಮೀಟರ್ ಕೆಲ್ವಿನ್‌ಗೆ ಹತ್ತಾರು ವ್ಯಾಟ್. ಹಳೆಯ ಬಿಸ್ಮತ್ ಟೆಲ್ಯೂರೈಡ್‌ನಲ್ಲಿ ಒಂದೆರಡು ವ್ಯಾಟ್ ಅಷ್ಟೇ, ಅದಕ್ಕೇ ಕೋಣೆಯ ಉಷ್ಣತೆಯಲ್ಲಿ ಅದರ ಝಡ್‌ಟಿ 1ರ ಹತ್ತಿರ ನಿಲ್ಲುತ್ತದೆ. ಅದೂ ಅಲ್ಲದೆ ನಮ್ಮ ಹಾಳೆಗೆ ಕೊಟ್ಟ ಶಾಖದಲ್ಲಿ ಹೆಚ್ಚಿನದು ಕೆಳಗಿನ ಸಿಲಿಕಾನ್‌ಗೇ ಹರಿದು ಹೋಗುತ್ತದೆ. ಕಲಿಯಲು, ಅಳೆಯಲು ಅದ್ಭುತ ವಸ್ತು. ವಿದ್ಯುತ್ ತೆಗೆಯುತ್ತೇವೆ ಅಂತ ಕೊಂಡರೆ ನಿರಾಸೆಯಾಗುತ್ತದೆ.

ಆರ್ಡರ್ ಮಾಡುವ ಮುನ್ನ ಹಾಳೆಯನ್ನು ಹೊಸ ಆಕ್ಸೈಡ್‌ಗೆ ವರ್ಗಾಯಿಸಿ ಕೊಡುತ್ತಾರಾ, ತ್ರಿಕೋನದ ಒಂದು ಬದಿ ಎಷ್ಟು ಮೈಕ್ರಾನ್, ಗೇಟ್ ಸೋರಿಕೆ ಅಳೆದಿದ್ದಾರಾ ಅಂತ ಬರಹದಲ್ಲೇ ಕೇಳಿ. ಹೀಟರ್, ಎರಡು ಥರ್ಮಾಮೀಟರ್ ಗೆರೆ ಎಲ್ಲ ಕೂರಬೇಕಾದರೆ ಬದಿ 30 ಮೈಕ್ರಾನ್ ಆದರೂ ಇರಲಿ. ನಾವು ಮುಂದೆ ಟಂಗ್‌ಸ್ಟನ್ ಡೈಸೆಲೆನೈಡ್ ತರಿಸುತ್ತಿದ್ದೇವೆ. ನಮ್ಮ ಮಾಲಿಬ್ಡಿನಮ್ ತುಂಡುಗಳೆಲ್ಲ ಎನ್ ಟೈಪ್, ಅಂದರೆ ಎಲೆಕ್ಟ್ರಾನ್‌ಗಳೇ ವಿದ್ಯುತ್ ಒಯ್ಯುವಂಥವು, ಸೀಬೆಕ್ ಮೈನಸ್. ಜೋಡಿಗೆ ಪ್ಲಸ್ ಕಾಲೂ ಬೇಕಲ್ವಾ.