ಎಂಟು ಗಜದ ಕಿಲ್ಟ್ ಕಿಟ್: ಬಟ್ಟೆಗೆ ಪೂರ್ಣ ಅಂಕ, ಉಳಿದದ್ದಕ್ಕೆ ಅರ್ಧ

ಹಿರಿಯ ಮಗನ ಮದುವೆಗೆ, ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪಾದ ಕಿಲ್ಟನ್ನು ಬಾಡಿಗೆಗೆ ತರುವುದಕ್ಕಿಂತ ಮನೆಯಲ್ಲೇ ಕೈಯಿಂದ ಹೊಲಿಯುವುದು ಮೇಲೆಂದು ನಿಶ್ಚಯಿಸಿ, ಎಡಿನ್‌ಬರೊದ ಅಂಗಡಿಯೊಂದು ಮಾರುವ ಎಂಟು ಗಜದ ಕಿಲ್ಟ್ ಕಿಟ್ಟನ್ನು ಕೊಂಡುಕೊಂಡೆ. ಪೆಟ್ಟಿಗೆಯಲ್ಲಿ ಬ್ಲ್ಯಾಕ್ ವಾಚ್ ಎಂಬ ಟಾರ್ಟನ್ (ಬಣ್ಣದ ಗೆರೆಗಳ ಚೌಕಳಿ ವಿನ್ಯಾಸದ) ಬಟ್ಟೆ, ಅಸ್ತರಿಗೆ ಹತ್ತಿಯ ತುಂಡು, ಒಳಗೆ ಬಿಗಿ ಕೊಡುವ ಇಂಟರ್‌ಲೈನಿಂಗ್, ಮೂರು ಚರ್ಮದ ಪಟ್ಟಿಗಳು, ಅವುಗಳ ಬಕಲ್‌ಗಳು, ದಾರ ಮತ್ತು ಒಂದು ಕೈಪಿಡಿ ಇದ್ದವು. ಹೊಲಿಗೆ ಮುಗಿದು, ಮಗ ಅದನ್ನುಟ್ಟು ಒಂದು ಇಡೀ ಸಂಜೆ ಕುಣಿದಾದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಕಿಲ್ಟಿನ ಯೋಗ್ಯತೆಯ ಬಹುಪಾಲು ಅದರ ಬಟ್ಟೆಯಲ್ಲಿದೆ, ಈ ಕಿಟ್ಟಿನಲ್ಲಿ ಬಟ್ಟೆ ಅತ್ಯುತ್ತಮವಾಗಿದೆ, ಅದರ ಜೊತೆಗೆ ಕೊಟ್ಟಿರುವ ಸರಂಜಾಮು ಮಾತ್ರ ಅದಕ್ಕೆ ಸರಿಸಾಟಿಯಾಗಿಲ್ಲ.

ಬಟ್ಟೆಯಿಂದಲೇ ಆರಂಭಿಸುತ್ತೇನೆ. ಇದು ಸ್ಕಾಟ್ಲೆಂಡಿನ ಗಡಿಸೀಮೆಯಾದ ಬಾರ್ಡರ್ಸ್ ಪ್ರದೇಶದ ಗಿರಣಿಯಲ್ಲಿ ನೇಯ್ದ 16 ಔನ್ಸಿನ ವರ್ಸ್ಟೆಡ್, ಅಂದರೆ ನುಣುಪಾಗಿ ಬಾಚಿ ನೂತ ಎಳೆಯ, ಉಣ್ಣೆ. ಈ ತೂಕವನ್ನು ಜೋಡಿ ಅಗಲದ, ಅಂದರೆ ಕಿಲ್ಟಿಗೆ ಬೇಕಾದದ್ದರ ಎರಡರಷ್ಟು ಅಗಲದ, ಬಟ್ಟೆಯ ಒಂದು ಗಜಕ್ಕೆ ಲೆಕ್ಕ ಹಾಕುತ್ತಾರೆ. ಎಂಟು ಗಜದ ಕಿಲ್ಟಿಗೆ ಜೋಡಿ ಅಗಲದ ನಾಲ್ಕು ಗಜ ಸಾಕಾಗುವುದರಿಂದ, ಮೇಜಿನ ಮೇಲೆ ಬಂದು ಬಿದ್ದ ಬಟ್ಟೆಯ ತೂಕ ಸುಮಾರು 1.8 ಕಿಲೋ. 13 ಔನ್ಸಿನದೂ, 10–11 ಔನ್ಸಿನದೂ ಮಾರುಕಟ್ಟೆಯಲ್ಲಿ ಸಿಗುತ್ತವೆ, ಬೆಲೆಯೂ ಕಡಿಮೆ, ಬೇಸಿಗೆಯಲ್ಲಿ ಹಗುರವೂ ಹೌದು. ಆದರೆ ಹಗುರವಾದ ಬಟ್ಟೆಯಲ್ಲಿ ಇಸ್ತ್ರಿಯ ಮಡಿಕೆ ಬೇಗ ಸಡಿಲಾಗುತ್ತದೆ, ಕುಳಿತು ಎದ್ದರೆ ಹಿಂಭಾಗ ಸುಕ್ಕಾಗುತ್ತದೆ, ನಡೆಯುವಾಗ ನೆರಿಗೆಗಳು ಬೀಸಿ ಮತ್ತೆ ತಮ್ಮ ಜಾಗಕ್ಕೆ ಮರಳುವ ಆ ಗತ್ತು ಬರುವುದೇ ಇಲ್ಲ. 16 ಔನ್ಸಿನ ಬಟ್ಟೆ ತನ್ನ ಭಾರದಿಂದಲೇ ನೆರಿಗೆಯನ್ನು ನೆಟ್ಟಗೆ ಹಿಡಿದುಕೊಳ್ಳುತ್ತದೆ. ಹೊಸದಾಗಿ ಹೊಲಿಯುವವರು ಅಗ್ಗದ ಹಗುರ ಬಟ್ಟೆಯಲ್ಲಿ ಕೈ ಪಳಗಿಸಿಕೊಳ್ಳೋಣವೆಂದು ಹೊರಡುವುದನ್ನು ಕಂಡಿದ್ದೇನೆ. ದಪ್ಪ ಬಟ್ಟೆಯೇ ಸೂಜಿಗೆ ಹೆಚ್ಚು ವಿಧೇಯ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ತೂಕದಷ್ಟೇ ಮುಖ್ಯವಾದದ್ದು ಅಂಚು. ಕಿಲ್ಟಿನ ಕೆಳತುದಿಯನ್ನು ಮಡಚಿ ಹೊಲಿಯುವ ಕ್ರಮವಿಲ್ಲ. ಮಗ್ಗದಿಂದ ಬಂದ ಅಂಚೇ ಮೊಣಕಾಲಿನ ಬಳಿ ಎಲ್ಲರ ಕಣ್ಣಿಗೆ ಬೀಳುವ ತುದಿಯಾಗುತ್ತದೆ. ಜೋಡಿ ಅಗಲದ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದು ಭಾಗವನ್ನು ತಿರುಗಿಸಿ, ಎರಡನ್ನೂ ನೆರಿಗೆಯೊಳಗೆ ಮರೆಯಾಗುವಂತೆ ಜೋಡಿಸುವುದರಿಂದ ಬಟ್ಟೆಯ ಎರಡೂ ಅಂಚುಗಳು ಕೆಳಗೆ ಬರುತ್ತವೆ. ಆದ್ದರಿಂದ ಒಂದು ಅಂಚು ಚೆನ್ನಾಗಿದ್ದರೆ ಸಾಲದು. ಕೆಲವು ಆಧುನಿಕ ಮಗ್ಗಗಳಲ್ಲಿ ಹೊಕ್ಕಿನ (ಅಡ್ಡ) ಎಳೆಯನ್ನು ಪ್ರತಿ ಸಾಲಿಗೂ ಕತ್ತರಿಸಿ ತುದಿಯನ್ನು ಒಳಕ್ಕೆ ಸಿಕ್ಕಿಸುತ್ತಾರೆ; ಅಂಥ ಅಂಚು ಉಳಿದ ಬಟ್ಟೆಗಿಂತ ದಪ್ಪವಾಗಿ, ಬಣ್ಣದಲ್ಲೂ ತುಸು ಬೇರೆಯಾಗಿ ಕಾಣುತ್ತದೆ. ಈ ಬಟ್ಟೆಯಲ್ಲಿ ಹೊಕ್ಕು ಸಲೀಸಾಗಿ ತಿರುಗಿ ಒಳಗೆ ಹೋಗಿದೆ, ಅಂಚು ಎಲ್ಲಿ ಆರಂಭವಾಯಿತೆಂದು ಬೆರಳಿಗೂ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡೂ ಅಂಚುಗಳಲ್ಲಿ ಚೌಕಳಿಯ ವಿನ್ಯಾಸ ಒಂದೇ ಬಿಂದುವಿನಲ್ಲಿ ಶುರುವಾಗುತ್ತದೆ. ಹೀಗಿರದಿದ್ದರೆ ಜೋಡಿಸಿದ ಜಾಗದಲ್ಲಿ ಅಡ್ಡಗೆರೆಗಳು ಒಂದರ ಪಕ್ಕಕ್ಕೊಂದು ಬಂದು ಕೂರುವುದಿಲ್ಲ. ಬ್ಲ್ಯಾಕ್ ವಾಚ್ ಎರಡೂ ಕಡೆಯಿಂದ ಓದಿದರೂ ಒಂದೇ ಆಗಿರುವ ಸಮಮಿತ ವಿನ್ಯಾಸವಾದ್ದರಿಂದ ಈ ತಿರುಗಿಸುವ ಉಪಾಯ ನಡೆಯುತ್ತದೆ. ಅಸಮಮಿತ ಟಾರ್ಟನ್ ಆರಿಸಿಕೊಂಡವರು ಒಂಟಿ ಅಗಲದಲ್ಲಿ ಪೂರ್ತಿ ಎಂಟು ಗಜವನ್ನೇ ನೇಯಿಸಿಕೊಳ್ಳಬೇಕಾದೀತು. ಕಿಟ್ಟಿನ ಜಾಹೀರಾತಿನಲ್ಲಿ ಈ ಸಂಗತಿಯ ಸುಳಿವೇ ಇಲ್ಲ.

ಟಾರ್ಟನ್ ಆಯ್ಕೆಯ ಬಗ್ಗೆ ಒಂದು ಮಾತು. ನಮ್ಮ ಮನೆತನಕ್ಕೆ ಯಾವ ಸ್ಕಾಟಿಷ್ ಕುಲದ ನಂಟೂ ಇಲ್ಲ, ಇರಬೇಕಾಗಿಯೂ ಇಲ್ಲ. 2008ರ ಕಾಯಿದೆಯಂತೆ 2009ರಲ್ಲಿ ತೆರೆದ ಸ್ಕಾಟಿಷ್ ಟಾರ್ಟನ್ ನೋಂದಣಿಯಲ್ಲಿ ಸಾವಿರಾರು ವಿನ್ಯಾಸಗಳು ದಾಖಲಾಗಿವೆ, ಅವುಗಳಲ್ಲಿ ಊರು, ಜಿಲ್ಲೆ, ಸಂಸ್ಥೆಗಳ ಹೆಸರಿನವೂ ಬಹಳ. ರಾಜಮನೆತನಕ್ಕೆಂದು ಕಾದಿರಿಸಿದ ಬಾಲ್ಮೋರಲ್‌ನಂಥ ಕೆಲವನ್ನು ಬಿಟ್ಟರೆ ಆಯ್ಕೆಗೆ ಯಾರ ಅಡ್ಡಿಯೂ ಇಲ್ಲ. ಬ್ಲ್ಯಾಕ್ ವಾಚ್ ಮೂಲದಲ್ಲಿ ಸೈನ್ಯದ ಪಡೆಯೊಂದರ ಬಟ್ಟೆಯಾದ್ದರಿಂದ ಸರ್ಕಾರಿ ಟಾರ್ಟನ್ ಎಂದೂ ಹೆಸರಾಗಿದೆ, ಯಾರು ಉಟ್ಟರೂ ಸಲ್ಲುತ್ತದೆ. ಒಂದೇ ತೊಡಕೆಂದರೆ ಕಿಟ್ಟಿನಲ್ಲಿ ಬರುವುದು ‘ಮಾಡರ್ನ್’ ಎಂಬ ಗಾಢ ಛಾಯೆ. ಕಡುನೀಲಿ, ಕಪ್ಪು, ಕಡುಹಸಿರು ಮೂರೂ ವಿದ್ಯುದ್ದೀಪದ ಕೆಳಗೆ ಒಂದಾಗಿಬಿಡುತ್ತವೆ. ಎಡಿನ್‌ಬರೊದಲ್ಲಿ ಡಿಸೆಂಬರಿನ ಹಗಲು ಏಳು ತಾಸು ಮಾತ್ರ. ಚಳಿಗಾಲದಲ್ಲಿ ಈ ಬಟ್ಟೆಯ ಗೆರೆಗೆ ಗೆರೆ ಹೊಂದಿಸಲು ಕೂರುವವರು ಬೆಳ್ಳನೆಯ ಬೆಳಕಿನ ಒಳ್ಳೆಯ ಮೇಜುದೀಪವೊಂದನ್ನೂ ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ.

ಇನ್ನು ಹೊಲಿಗೆ ಮತ್ತು ಅದನ್ನು ಕಲಿಸಬೇಕಾದ ಕೈಪಿಡಿ. ಇದರಲ್ಲಿ ನೆರಿಗೆಯ ಲೆಕ್ಕವನ್ನು ಬಿಡಿಸಿ ಹೇಳಿರುವ ಅಧ್ಯಾಯ ನಿಜಕ್ಕೂ ಚೆನ್ನಾಗಿದೆ. ನನ್ನ ಬಟ್ಟೆಯಲ್ಲಿ ಚೌಕಳಿಯ ಒಂದು ಆವರ್ತ ಸುಮಾರು ಏಳೂವರೆ ಇಂಚು. ಮಗನ ನಿತಂಬದ ಸುತ್ತಳತೆ 40 ಇಂಚು, ಸೊಂಟ 33. ಮುಂದಿನ ಚಪ್ಪಟೆ ಭಾಗಗಳೆರಡಕ್ಕೂ ಅವುಗಳ ಪಕ್ಕದ ಆಳವಾದ ಮಡಿಕೆಗಳಿಗೂ ಬಟ್ಟೆ ತೆಗೆದಿಟ್ಟು, ಉಳಿದದ್ದನ್ನು ಹಿಂಭಾಗದ 20 ಇಂಚಿನೊಳಗೆ ಮಡಚಿದಾಗ 27 ನೆರಿಗೆಗಳು ಬಂದವು. ಪ್ರತಿ ನೆರಿಗೆಯ ಹೊರಗೆ ಕಾಣುವ ಅಗಲ ನಿತಂಬದ ಬಳಿ ಮುಕ್ಕಾಲು ಇಂಚಿಗೆ ತುಸು ಕಡಿಮೆ, ಸೊಂಟದ ಬಳಿ ಅರ್ಧ ಇಂಚಿಗೆ ತುಸು ಹೆಚ್ಚು. ಒಂದೊಂದು ನೆರಿಗೆಯಲ್ಲಿ ಇಂಚಿನ ಹದಿನಾರನೆಯ ಒಂದು ಪಾಲು ಹೆಚ್ಚುಕಡಿಮೆಯಾದರೂ ಕೊನೆಗೆ ಒಂದೂವರೆ ಇಂಚಿಗೂ ಮಿಕ್ಕಿದ ವ್ಯತ್ಯಾಸವಾಗಿ ಕಿಲ್ಟ್ ಮೈಗೆ ಕೂರುವುದಿಲ್ಲ. ಸೀರೆಯ ನೆರಿಗೆಯನ್ನು ಬೆರಳ ಅಂದಾಜಿನಲ್ಲೇ ಹಿಡಿದು ಸಿಕ್ಕಿಸುವ ಕೈಗೆ ಈ ಅಳತೆಯ ನಿಷ್ಠುರತೆ ಮೊದಮೊದಲು ಸಿಟ್ಟು ತರಿಸುತ್ತದೆ. ನೆರಿಗೆ ಹಾಕಿದ ಮೇಲೂ ಹಿಂಭಾಗದಲ್ಲಿ ಚೌಕಳಿ ಮುರಿಯದೆ ಮುಂದುವರಿದಂತೆ ಕಾಣಬೇಕೆಂದರೆ, ಪ್ರತಿ ಮಡಿಕೆಯೂ ವಿನ್ಯಾಸದ ಮುಂದಿನ ತುಣುಕನ್ನೇ ಹೊರಗೆ ತೋರಿಸಬೇಕು; ಇದಲ್ಲದೆ, ಎಲ್ಲ ನೆರಿಗೆಗಳ ಮೇಲೂ ಒಂದೇ ಗೆರೆ ಬರುವಂತೆ ಮಡಚುವ ಸೈನಿಕ ಪದ್ಧತಿಯೂ ಇದೆ. ಕೈಪಿಡಿ ಎರಡನ್ನೂ ಸ್ಪಷ್ಟವಾದ ಚಿತ್ರಗಳೊಂದಿಗೆ ವಿವರಿಸುತ್ತದೆ.

ಆದರೆ ಅದೇ ಕೈಪಿಡಿ ಮುಂದಿನ ಹಂತದಲ್ಲಿ ಕೈಕೊಡುತ್ತದೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಉಡುಪಿನ ಮೇಲೆ 1746ರಲ್ಲಿ ಬಂದ ನಿಷೇಧ, 1782ರಲ್ಲಿ ಅದರ ರದ್ದತಿ, 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೊಗೆ ಬಂದಾಗ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಟಾರ್ಟನ್ ವೈಭವ ಇವೆಲ್ಲಕ್ಕೂ ಪುಟಗಟ್ಟಲೆ ಜಾಗವಿದೆ. ನಿತಂಬದಿಂದ ಸೊಂಟದವರೆಗೆ ನೆರಿಗೆಗಳನ್ನು ಹೊಲಿದಾದ ಮೇಲೆ ಅವುಗಳ ಒಳಗೆ ಪದರಪದರವಾಗಿ ಉಳಿಯುವ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯುವ ಕೆಲಸಕ್ಕೆ ಮಾತ್ರ ನಾಲ್ಕೇ ಸಾಲು. ಇಡೀ ಕಿಲ್ಟಿನಲ್ಲಿ ಮರಳಿ ಸರಿಪಡಿಸಲಾಗದ ಹೆಜ್ಜೆ ಇದೊಂದೇ. ಕತ್ತರಿಸುವ ಮೊದಲು, ನೆರಿಗೆಗಳ ಹಿಂಬದಿಯನ್ನು ಅಡ್ಡಲಾಗಿ ಒಂದಕ್ಕೊಂದು ಬಂಧಿಸುವ ಹೊಲಿಗೆಯನ್ನು ಹಾಕದಿದ್ದರೆ ಎಲ್ಲ ಭಾರವೂ ಹೊರಗಿನ ಸಣ್ಣ ಹೊಲಿಗೆಗಳ ಮೇಲೆ ಬೀಳುತ್ತದೆ, ಕಾಲಕ್ರಮದಲ್ಲಿ ನೆರಿಗೆಗಳು ಜೋತುಬೀಳುತ್ತವೆ. ಕೈಪಿಡಿಯಲ್ಲಿ ಆ ಹೊಲಿಗೆಯ ಹೆಸರಿದೆ, ಚಿತ್ರವಿಲ್ಲ. ನಾನು ಈ ಭಾಗವನ್ನು ಅನುಭವಿ ಕಿಲ್ಟ್ ತಯಾರಕರೊಬ್ಬರ ಎದುರು ಕುಳಿತು ಕಲಿತೆ. ಮನೆಯಲ್ಲಿ ಒಬ್ಬರೇ ಹೊಲಿಯುವವರು ಕೈಪಿಡಿಯನ್ನು ಮಾತ್ರ ನೆಚ್ಚಿ ಕತ್ತರಿ ಹಿಡಿಯುವುದನ್ನು ನಾನು ಖಂಡಿತ ಸಲಹೆ ಮಾಡಲಾರೆ.

ಇಂಟರ್‌ಲೈನಿಂಗ್ ಈ ಕಿಟ್ಟಿನ ಅತಿ ದುರ್ಬಲ ವಸ್ತು. ಕಿಲ್ಟಿನ ಮೇಲ್ಭಾಗಕ್ಕೆ ಕುದುರೆಕೂದಲು ಬೆರೆತ ಕ್ಯಾನ್ವಾಸನ್ನು ಕೈಯಿಂದ ಹೊಲಿದು ಕೂರಿಸುವುದು ಒಳ್ಳೆಯ ತಯಾರಕರ ಪದ್ಧತಿ. ಅದು ದೇಹದ ಆಕಾರಕ್ಕೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಇಲ್ಲಿ ಕೊಟ್ಟಿರುವುದು ಇಸ್ತ್ರಿ ಶಾಖಕ್ಕೆ ಅಂಟಿಕೊಳ್ಳುವ ಅಗ್ಗದ ಬಟ್ಟೆ. ಅಂಗಡಿಯವರಿಗೆ ಬರೆದಾಗ, ಆರಂಭಿಕರಿಗೆ ಸುಲಭವಾಗಲೆಂದು ಹೀಗೆ ಮಾಡಿದ್ದೇವೆಂದು ಸೌಜನ್ಯದಿಂದಲೇ ಉತ್ತರಿಸಿದರು. ದಶಕಗಳ ಕಾಲ ಬಾಳಬೇಕಾದ ಉಣ್ಣೆಯ ಒಳಗೆ ಕೆಲವೇ ಡ್ರೈಕ್ಲೀನಿಂಗಿಗೆ ಎದ್ದುಬರಬಹುದಾದ ಅಂಟನ್ನು ಇಡುವುದು ಯಾವ ಬಗೆಯ ಸುಲಭವೋ ನನಗೆ ಅರ್ಥವಾಗಲಿಲ್ಲ. ಅದನ್ನು ಬದಿಗಿಟ್ಟು ಬೇರೆ ಕ್ಯಾನ್ವಾಸ್ ತಂದೆ. ಪಟ್ಟಿಗಳೂ ಅಷ್ಟಕ್ಕಷ್ಟೇ: ಬಲಗಡೆ ಎರಡು, ಎಡಗಡೆ ಒಂದು, ಸಂಖ್ಯೆ ಸರಿಯಾಗಿದೆ, ಚರ್ಮ ತೆಳುವಾಗಿದೆ, ರಂಧ್ರಗಳು ಬೇಗ ಹಿಗ್ಗುತ್ತವೆ. ಅಸ್ತರು ಮತ್ತು ದಾರದ ಬಗ್ಗೆ ದೂರಿಲ್ಲ.

ಬೆಲೆಯ ಮಾತಿಗೆ ಬಂದರೆ, ಕಿಟ್ಟಿನ ಮುಖ್ಯ ಖರ್ಚು ಬಟ್ಟೆಯದೇ. ಅದೊಂದಕ್ಕೇ ಮುನ್ನೂರು ಪೌಂಡಿನ ಆಚೀಚೆ ಆಗುತ್ತದೆ. ಕೈಹೊಲಿಗೆಯ ಸಿದ್ಧ ಕಿಲ್ಟಿಗೆ ತಯಾರಕರು ಕೇಳುವ ಮೊತ್ತವನ್ನು ನೋಡಿದರೆ ಉಳಿತಾಯ ಉಂಟು, ಆದರೆ ಉಳಿತಾಯಕ್ಕಾಗಿ ಮಾತ್ರ ಈ ಕೆಲಸಕ್ಕೆ ಕೈ ಹಾಕುವವರು ತಮ್ಮ ಸಂಜೆಗಳಿಗೆ ಏನೂ ಬೆಲೆ ಇಲ್ಲವೆಂದು ಮೊದಲೇ ಒಪ್ಪಿಕೊಂಡಿರಬೇಕು. ನೆರಿಗೆಗಳ ಮೇಲೆ ಕಚ್ಚಾ ಹೊಲಿಗೆ ಹಾಗೆಯೇ ಇರುವಾಗ, ಒದ್ದೆ ಬಟ್ಟೆ ಹಾಸಿ, ಭಾರವಾದ ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ ಒತ್ತಿ ಒತ್ತಿ ಎತ್ತುವ ಕೊನೆಯ ಹಂತವಿದೆಯಲ್ಲ, ಅದಕ್ಕೇ ಅರ್ಧ ದಿನ ಹಿಡಿಯುತ್ತದೆ. ಅದಾದ ಮೇಲೆ ಕಚ್ಚಾ ದಾರವನ್ನು ಎಳೆದು ತೆಗೆದಾಗ ನೆರಿಗೆಗಳು ಒಂದೂ ಅಲುಗದೆ ನಿಂತವು. ಈ ಶ್ರೇಯಸ್ಸಿನಲ್ಲಿ ನನ್ನ ಪಾಲಿಗಿಂತ ಗಿರಣಿಯ ಪಾಲು ದೊಡ್ಡದು.

ಕಿಟ್ಟಿನ ಬದಲು ಬಟ್ಟೆಯನ್ನಷ್ಟೇ ಗಿರಣಿಯಿಂದ ತರಿಸಿ, ಕ್ಯಾನ್ವಾಸ್ ಮತ್ತು ಪಟ್ಟಿಗಳನ್ನು ಬೇರೆಬೇರೆಯಾಗಿ ಕೊಂಡರೆ ಒಟ್ಟು ಖರ್ಚು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ವಸ್ತುಗಳು ಮಾತ್ರ ಎಷ್ಟೋ ಮೇಲು. ತರಿಸುವ ಮೊದಲು ಅಂಚು ಎಂಥದ್ದೆಂದು ಕೇಳಿ, ಅಂಚಿರುವ ತುಂಡನ್ನೇ ಮಾದರಿಗೆ ಕಳಿಸಲು ಹೇಳಬೇಕು. ಕಿರಿಯ ಮಗನ ಕಿಲ್ಟಿಗೆ ನಾನು ಹಾಗೆಯೇ ಮಾಡಿದ್ದೇನೆ: ಅದೇ ಬ್ಲ್ಯಾಕ್ ವಾಚ್, ಅದೇ 16 ಔನ್ಸ್, ಆದರೆ ಈ ಬಾರಿ ನೀಲಿ ಹಸಿರುಗಳು ತಿಳಿಯಾಗಿ ಬೇರ್ಪಟ್ಟು ಕಾಣುವ ‘ಏನ್ಷಿಯಂಟ್’ ಛಾಯೆಯಲ್ಲಿ.