ಬಾವಂಚಿ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ

ಚರ್ಮದ ಉರಿ, ಕೆಂಪು ಕಡಿಮೆಯಾಗಲಿ ಅಂತ ಬಾವಂಚಿ ಬೀಜದ ಎಣ್ಣೆ ತರಿಸುವ ಯೋಚನೆ ಇದೆಯಾ? ಬಾಕುಚಿ ಎಣ್ಣೆ ಅಂತ ಮಾರುವುದೂ ಇದನ್ನೇ. ನಮ್ಮಕ್ಕನ ಕೈ ಇದರಿಂದ ಸುಟ್ಟಿದೆ.

ಅವಳಿಗೆ ಮುಂಗೈ ಮೇಲೆ ಹಳೆಯ ಎಕ್ಸಿಮಾ. ಆಗಾಗ ಕೆಂಪಾಗಿ ತುರಿಸುತ್ತದೆ. ‘ಬಾಕುಚಿಯೋಲ್ (ಈ ಬೀಜದಲ್ಲಿರುವ ಒಂದು ಅಂಶ) ಉರಿಯೂತ ತಗ್ಗಿಸುತ್ತದೆ’ ಅನ್ನುವ ಜಾಹೀರಾತು ನೋಡಿ ಆನ್‌ಲೈನಲ್ಲಿ ಒಂದು ಬಾಟಲಿ ತರಿಸಿದಳು. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ, ಒಂದು ರಾತ್ರಿ ಬಿಟ್ಟು ನೋಡಿ ಅಂತ ಬಾಟಲಿ ಮೇಲೆ ಬರೆದಿತ್ತು. ಹಾಗೇ ಮಾಡಿದಳು, ಏನೂ ಆಗಲಿಲ್ಲ. ಬೆಳಿಗ್ಗೆ ಎರಡೂ ಕೈಗೆ ಹಚ್ಚಿಕೊಂಡು ಮಹಡಿ ಮೇಲೆ ಸಂಡಿಗೆ ಇಡಲು ಕೂತಳು.

ಮರುದಿನ ವಿಪರೀತ ಉರಿ. ಆಮೇಲೆ ಬೊಬ್ಬೆ. ವಾಚಿನ ಪಟ್ಟಿ ಕೆಳಗೂ ಎಣ್ಣೆ ಇತ್ತು, ಅಲ್ಲಿ ಮಾತ್ರ ಚರ್ಮ ಚೆನ್ನಾಗಿಯೇ ಇತ್ತು. ಚರ್ಮದ ಡಾಕ್ಟರು ಆ ಪಟ್ಟಿ ಗುರುತು ನೋಡಿದವರೇ, “ಏನಮ್ಮಾ ಹಚ್ಚಿಕೊಂಡು ಬಿಸಿಲಿಗೆ ಹೋಗಿದ್ರಿ?” ಅಂದರು.

ವಿಷಯ ಇಷ್ಟು. ಬಾವಂಚಿ ಬೀಜದಲ್ಲಿ ಬಾಕುಚಿಯೋಲ್ ಜೊತೆ ಸೋರಾಲೆನ್ ಅನ್ನುವ ರಾಸಾಯನಿಕವೂ ಇದೆ. ಕತ್ತಲಲ್ಲಿ ಅದು ಸುಮ್ನೆ ಇರುತ್ತದೆ. ಬಿಸಿಲಿನ ಯುವಿ-ಎ ಕಿರಣ ಬಿದ್ದರೆ ಚರ್ಮದ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಹಾಳು ಮಾಡುತ್ತದೆ. ಅಂದಮೇಲೆ ರಾತ್ರಿ ಹಚ್ಚಿ ನೋಡುವ ಪರೀಕ್ಷೆಗೆ ಅರ್ಥವೇ ಇಲ್ಲ, ಅಲ್ವಾ? ಸುಟ್ಟದ್ದು ಜೋರಾಗುವುದು ಸಾಮಾನ್ಯವಾಗಿ 48ರಿಂದ 72 ಗಂಟೆಗೆ. ಅಷ್ಟರಲ್ಲಿ ಎಣ್ಣೆಯ ನೆನಪೇ ಹೋಗಿರುತ್ತದೆ. ಕಾರಿನ ಪಕ್ಕದ ಗಾಜು, ಮನೆ ಕಿಟಕಿ ಗಾಜಿನಿಂದಲೂ ಯುವಿ-ಎ ಒಳಗೆ ಬರುತ್ತದೆ.

ಗಿಡದ ಮೇಲೆ ನನಗೆ ಸಿಟ್ಟಿಲ್ಲ. ತೊನ್ನಿಗೆ ಬಾವಂಚಿ ಕೊಡುವ ತಿಳಿದ ವೈದ್ಯರು ಎಷ್ಟು ಹೊತ್ತು ಬಿಸಿಲಿಗೆ ಒಡ್ಡಬೇಕು ಅಂತಲೂ ಹೇಳುತ್ತಾರೆ. ಆಸ್ಪತ್ರೆಯ ಪುವಾ ಚಿಕಿತ್ಸೆಯೂ ಸೋರಾಲೆನ್ ಮತ್ತು ಅಳತೆಯ ಯುವಿ-ಎ ಸೇರಿದ್ದೇ. ಸಿಟ್ಟು ಮಾರಾಟಗಾರರ ಮೇಲೆ. 2019ರಲ್ಲಿ 44 ಜನರ ಮೇಲೆ 12 ವಾರ ನಡೆದ ಅಧ್ಯಯನವನ್ನು ಇವರು ಎಲ್ಲೆಡೆ ತೋರಿಸುತ್ತಾರೆ. ಅಲ್ಲಿ ಬಳಸಿದ್ದು ಶೇ. 0.5 ಬಾಕುಚಿಯೋಲ್ ಇರುವ ಕ್ರೀಮು. ನೋಡಿದ್ದು ಮುಖದ ಸುಕ್ಕು ಮತ್ತು ಕಲೆ. ಬೀಜದ ಎಣ್ಣೆಯೂ ಅಲ್ಲ, ಎಕ್ಸಿಮಾವೂ ಅಲ್ಲ.

ಫೋನ್ ಮಾಡಿದರೆ ಆ ಮಾರಾಟಗಾರ ಏನಂದ ಗೊತ್ತಾ? “ಭಯ ಬೇಡ ಮೇಡಂ, ಒಳಗಿನ ವಿಷ ಹೊರಗೆ ಬರ್ತಾ ಇದೆ, ಇನ್ನೊಂದು ವಾರ ಹಚ್ಚಿ.” ಬೊಬ್ಬೆ ಬಂದಿರುವವರಿಗೆ ಹೇಳುವ ಮಾತಾ ಇದು? ಅಕ್ಕನ ಕೈ ವಾಸಿಯಾಗಿದೆ, ಕಂದು ಕಲೆ ಇನ್ನೂ ಹೋಗಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಬೇಕಂತೆ.

ಈಗಾಗಲೇ ಹಚ್ಚಿಕೊಂಡಿದ್ದರೆ ಸೋಪು ಹಾಕಿ ತೊಳೆಯಿರಿ, ದಪ್ಪ ಬಟ್ಟೆಯಿಂದ ಮುಚ್ಚಿಕೊಳ್ಳಿ, ಬಿಸಿಲಿಂದ ದೂರ ಇರಿ. ಬೊಬ್ಬೆ ಬಂದರೆ ಒಡೆಯಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.